ನಂಜಪ್ಪನ ವಾಸನೆ ಹೋದ ದಾರಿ

ಮಲ್ಲಿಗಮ್ಮನ ಎರಡು ಕಣ್ಣೂ ಹೋಗಿ ಹನ್ನೊಂದು ವರ್ಷವಾಗಿತ್ತು. ಕಣ್ಣು ಬಿಟ್ಟುಹೋದ ಕೆಲಸವನ್ನೆಲ್ಲ ಮೂಗು ವಹಿಸಿಕೊಂಡು ಕಣ್ಣಿಗಿಂತ ಚೊಕ್ಕವಾಗಿ ನಡೆಸುತ್ತಿತ್ತು. ಸಾಲಗಾಮೆಯ ಆ ಬೀದಿಯಲ್ಲಿ ಯಾರೇ ಹಾದುಹೋಗಲಿ, ಜಗಲಿಯ ಮೇಲೆ ಕೂತ ಮುದುಕಿ ಮೂಗೆತ್ತಿ, "ಏನ್ಲಾ ಶಿವಯ್ಯ, ಉಣಸೇಅಣ್ಣು ಕುಟ್ತಿದ್ದಾ?" ಎಂದು ಕೇಳುವಳು. ಹುಣಸೇಹಣ್ಣು ಕುಟ್ಟಿ ಕೈ ತೊಳೆದುಕೊಂಡೇ ಬಂದಿದ್ದ ಶಿವಯ್ಯ ಆ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ದಾಟುವನು. ಅವಳ ಮೂಗಿಗೆ ಊರೇ ಮೂಗುದಾರ ಹಾಕಿಸಿಕೊಂಡಂತಿತ್ತು.

ಮನೆಯಲ್ಲಿ ಅವಳಿಗೆ ಉಳಿದಿದ್ದವನು ಮೊಮ್ಮಗ ನಂಜಪ್ಪ ಒಬ್ಬನೇ. ಅವನ ಅಪ್ಪ ಅವ್ವ ಇಬ್ಬರೂ ಪ್ಲೇಗಿನ ವರ್ಷ ಹೋದವರು. ಹುಡುಗನನ್ನು ಅಜ್ಜಿಯೇ ಸಾಕಿದ್ದಳು. ಅವನಿಗೋ ದೇವರು ಒಂದು ಗಂಟಲು ಕೊಟ್ಟಿದ್ದ. ಒಂದೇ ಗಂಟಲಾದರೂ ಅದರಲ್ಲಿ ಇಡೀ ಊರು ಬಾಡಿಗೆಗಿತ್ತು. ಮೇಷ್ಟರ ಗೊಗ್ಗರು ದನಿ, ಬಸ್ ಕಂಡಕ್ಟರನ "ರೈಟ್ ಓಗ್ಲೀ", ಪಕ್ಕದ ಮನೆಯ ವಿಧವೆ ಸಣ್ಣಕ್ಕ ಸಂಜೆ ಕೋಳಿ ಕರೆಯುವ "ಬಾ ಬಾ ಬಾ ಬಾ" ಎಲ್ಲವೂ ಅಲ್ಲಿ ಸಿಗುತ್ತಿದ್ದವು. ಅವನು ಕರೆದರೆ ಸಣ್ಣಕ್ಕನ ಕೋಳಿಗಳು ಇವನ ಅಂಗಳಕ್ಕೇ ಬಂದು ಕೂರುತ್ತಿದ್ದವು.

ಹದಿನಾಲ್ಕು ವರ್ಷದವನಿದ್ದಾಗ ಒಂದು ದಿನ ಆ ಗಂಟಲು ಹದ್ದು ಮೀರಿತು. ತಾತ ತೀರಿಕೊಂಡು ಸರಿಯಾಗಿ ವರ್ಷವಾಗಿತ್ತು. ನಂಜಪ್ಪ ಬಾಗಿಲ ಮರೆಯಲ್ಲಿ ನಿಂತು ತಾತನಂತೆಯೇ ಮೂರು ಸಲ ಕೆಮ್ಮಿ, "ಲೇ ಇವ್ಳೇ, ಒಂದ್ ಚೊಂಬು ಮಜ್ಗೆ ತತ್ತಾ" ಎಂದ. ಮಲ್ಲಿಗಮ್ಮ ತಡವರಿಸದೆ ಎದ್ದಳು. ಗೋಡೆ ಹಿಡಿದು ಒಳಗೆ ಹೋಗಿ, ಮಜ್ಜಿಗೆಯ ಚೊಂಬನ್ನು ಎರಡು ಕೈಯಲ್ಲೂ ಹಿಡಿದು ತಂದು, ಬಾಗಿಲ ಮುಂದೆ ನಿಂತಳು. ಚೊಂಬು ತುಳುಕಿ ಮಜ್ಜಿಗೆ ಪಾದದ ಮೇಲೆ ಚೆಲ್ಲುತ್ತಿತ್ತು. ನಂಜಪ್ಪ ಕಿಸಕ್ಕನೆ ನಕ್ಕ. ಅವಳು ನಗಲಿಲ್ಲ, ಬಯ್ಯಲೂ ಇಲ್ಲ. ಚೊಂಬನ್ನು ಹೊಸ್ತಿಲ ಮೇಲಿಟ್ಟು, ಅವನನ್ನು ಹತ್ತಿರ ಎಳೆದುಕೊಂಡು, ನೆತ್ತಿಗೆ ಮೂಗು ಹಚ್ಚಿ ದೀರ್ಘವಾಗಿ ಮೂಸಿದಳು.

"ಗಂಟ್ಲು ಯಾರ್ದಾರ ಆಯ್ತದೆ ಕಣ್ಲಾ ನಂಜ. ವಾಸ್ನೆ ಅಂಗಲ್ಲ. ಅದು ನಿಂದೇಯ. ಇನ್ಮ್ಯಾಕೆ ನಾನು ನಿನ್ ಮಾತ ನಂಬಕಿಲ್ಲ."

ಅಂದಿನಿಂದ ಮನೆಯಲ್ಲಿ ಒಂದು ಕಟ್ಟಳೆ ಹುಟ್ಟಿತು. ನಂಜಪ್ಪ ಹೊರಗಿನಿಂದ ಬಂದವನೇ ಅಜ್ಜಿಯ ಮುಂದೆ ತಲೆ ಬಗ್ಗಿಸಬೇಕು. ಅವಳು ನೆತ್ತಿ ಮೂಸಿ "ಊಂ" ಎನ್ನಬೇಕು. ಆಮೇಲೇ ಮುದ್ದೆ. ಇನ್ನೊಂದು ಮಾತನ್ನೂ ಅವಳು ತನ್ನ ಕೈಮೇಲೆ ಅವನ ಕೈ ಹಾಕಿಸಿ ತೆಗೆದುಕೊಂಡಿದ್ದಳು: "ನನ್ ಬಾಯ್ಗೆ ಕಡೇ ನೀರು ಬಿಡೋನು ನೀನೇಯ. ಬ್ಯಾರೆಯವ್ರ ಕೈ ನೀರು ನಂಗೆ ಬ್ಯಾಡ. ಆದ್ರೆ ತಿಳ್ಕ, ಆಗ್ಲೂ ಮೂಸ್ದೇ ಕುಡಿಯಕಿಲ್ಲ."

"ನಾನೆಲ್ಲಿಗೆ ಓದೇನಜ್ಜಿ? ನೀರು ಬಿಟ್ಟೇ ಬಿಡ್ತೀನಿ" ಎಂದಿದ್ದ ನಂಜಪ್ಪ.

೧೯೫೯ರಲ್ಲಿ ಅವನಿಗೆ ಹಾಸನದ ಒಂದು ಕಚೇರಿಯಲ್ಲಿ ಗುಮಾಸ್ತೆಯ ಕೆಲಸವಾಯಿತು. ಬೆಳಿಗ್ಗೆ ಎಮ್ಮೆ ಕರೆದು, ಕೊಟ್ಟಿಗೆ ಗುಡಿಸಿ, ಅಟ್ಟದ ಗಳುವಿಗೆ ನೇತುಹಾಕಿದ ಹೊಗೆಸೊಪ್ಪಿನ ಕೆಳಗೆ ನಿಂತು ಅಂಗಿ ತೊಟ್ಟು, ಏಳೆಂಟು ಮೈಲಿ ಸೈಕಲ್ ತುಳಿದು ಕಚೇರಿಗೆ ಕಾಲಿಡುವ ಹೊತ್ತಿಗೆ, ಗಂಜಲ, ಹೊಗೆಸೊಪ್ಪು, ಬೆವರು ಮೂರೂ ಸೇರಿ ಅವನಿಗಿಂತ ಎರಡು ಹೆಜ್ಜೆ ಮುಂದೆ ಒಳಗೆ ಹೋಗಿ ಕುರ್ಚಿ ಎಳೆದುಕೊಂಡು ಕೂರುತ್ತಿದ್ದವು. ಮೊದಲ ವಾರ ಪಕ್ಕದವರು ಕಿಟಕಿ ತೆಗೆದರು. ಎರಡನೆಯ ವಾರ ಅವನ ಮೇಜನ್ನು ತೆಗೆದು ವರಾಂಡಕ್ಕೆ ಹಾಕಿದರು.

ಹೆಡ್‌ಕ್ಲಾರ್ಕು ಗುಂಡಯ್ಯ ಕರುಣಾಳು. ಹೆಸರಿಗೆ ತಕ್ಕ ಹೊಟ್ಟೆ, ಹೊಟ್ಟೆಗೆ ತಕ್ಕ ವಾಯು. ಒಂದು ಮಧ್ಯಾಹ್ನ ನಂಜಪ್ಪನನ್ನು ಕರೆದು ಕೂರಿಸಿಕೊಂಡರು.

"ತಪ್ಪು ತಿಳ್ಕೋಬೇಡ ಕಣಯ್ಯಾ. ನೀನು ಬರೋದಕ್ಕೆ ಮುಂಚೆ ನಿನ್ನ ಸಮಾಚಾರ ಬಂದುಬಿಡುತ್ತೆ." ಡ್ರಾಯರಿನಿಂದ ಒಂದು ತಗಡಿನ ಡಬ್ಬಿ ತೆಗೆದರು. "ಇದೇನು ಗೊತ್ತೇ? ಸೋಡಾಪುಡಿ. ನನಗೆ ಹೊಟ್ಟೆ ಉಬ್ಬರಿಸ್ತೋ, ನಿಂಬೇಹಣ್ಣಿನ ರಸಕ್ಕೆ ಒಂದು ಚಿಟಿಕೆ, ಬುಸ್ ಅಂತ ಮೇಲೆದ್ದು ಡರ್ ಅಂತ ಹೊರಟುಹೋಗುತ್ತೆ. ಕಡಲೇಕಾಳು ಬೇಯಲಿಲ್ವೋ, ಒಂದು ಚಿಟಿಕೆ. ಹಲ್ಲು ಹಳದಿಯೋ, ಬೆರಳಿಗೆ ಹಚ್ಚಿ ತಿಕ್ಕು. ಜೇನು ಕಚ್ಚಿತೋ, ನೀರಲ್ಲಿ ಕಲಸಿ ಮೆತ್ತು. ಸ್ನಾನ ಆದಮೇಲೆ ಕಂಕುಳಿಗೆ ಒಂದಿಷ್ಟು ಸವರ್ಕೋ. ಬೂಟಿನೊಳಗೆ ರಾತ್ರಿ ಉದುರಿಸಿಡು. ಬಾಯಿ ಮುಕ್ಕಳಿಸು, ಬಟ್ಟೆ ನೆನೆಹಾಕು. ದುರ್ವಾಸನೆ ಅನ್ನೋದು ದೂರ್ವಾಸರ ಥರ ಕಣಯ್ಯಾ, ಮರ್ಯಾದೆ ಮಾಡಿ ಕಳಿಸಿದರೆ ಹೊರಟುಹೋಗುತ್ತೆ."

ನಂಜಪ್ಪ ಆ ಸಂಜೆಯೇ ಒಂದು ದೊಡ್ಡ ಡಬ್ಬಿ ಸೋಡಾಪುಡಿ ಕೊಂಡು ಮನೆಗೆ ಬಂದ. ಗುಂಡಯ್ಯನ ಇಡೀ ಉಪನ್ಯಾಸವನ್ನು ಅವರದೇ ಗಂಟಲಿನಲ್ಲಿ, ಡರ್ ಸಮೇತ, ಸಣ್ಣಕ್ಕನಿಗೆ ಒಪ್ಪಿಸಿದ. ಅಡುಗೆ ಮಾಡಿಕೊಡಲು ಬರುತ್ತಿದ್ದ ಸಣ್ಣಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮಾರನೆಯ ದಿನದಿಂದ ಇಬ್ಬರೂ ಪುಡಿಯ ಹಿಂದೆ ಬಿದ್ದರು. ಅವಳು ಕರಿ ಹಿಡಿದ ಪಾತ್ರೆ ತಿಕ್ಕಿದಳು, ಹಾಲಿನ ಕುಡಿಕೆಯ ಹುಳಿ ತೆಗೆದಳು, ಬಚ್ಚಲ ಮೋರಿಗೆ ಸುರಿದಳು. ಇವನು ಹಲ್ಲು ತಿಕ್ಕಿದ, ಕಂಕುಳಿಗೆ ಸವರಿದ, ಸೀಗೇಪುಡಿ ಬಿಟ್ಟು ಸೋಡಾ ನೀರಲ್ಲೇ ತಲೆ ತೊಳೆದ, ದಿಂಬಿನ ಮೇಲೆ ಉದುರಿಸಿ ಕೊಡವಿದ. ಅಂಗಿಗಳೆಲ್ಲ ರಾತ್ರಿಯಿಡೀ ಸೋಡಾ ನೀರಲ್ಲಿ ಮುಳುಗಿ ಬೆಳಿಗ್ಗೆ ಗುರುತೇ ಇಲ್ಲದಂತೆ ಏಳುತ್ತಿದ್ದವು. ಒಂದು ಹಳೆಯ ಪಟ್ಟೆ ಅಂಗಿ ಮಾತ್ರ ಎಷ್ಟು ನೆನೆಹಾಕಿದರೂ ಜಗ್ಗಲಿಲ್ಲ. ಅದನ್ನು ಸಣ್ಣಕ್ಕ ಕೊಂಡುಹೋಗಿ ಹೊಲದ ಬೆರ್ಚಪ್ಪನಿಗೆ ತೊಡಿಸಿದಳು. ಹಕ್ಕಿ ಬೆದರಿಸಲು ರಾಗಿ ಹೊಲದ ನಡುವೆ ನಿಂತ ಎರಡು ಕೋಲಿನ ಬೆರ್ಚಪ್ಪ ದೂರದಿಂದ ನೋಡಿದರೆ ಥೇಟ್ ನಂಜಪ್ಪನೇ.

ಎಂಟೇ ದಿನದಲ್ಲಿ ನಂಜಪ್ಪನಿಗೂ ಅವನ ವಾಸನೆಗೂ ಸೋಡಚೀಟಿಯಾಗಿ ಸಂಬಂಧ ಕಡಿಯಿತು. ಅವನ ಮೇಜು ವರಾಂಡದಿಂದ ಒಳಕ್ಕೆ ಬಂತು.

ಅಜ್ಜಿ ಮಾತ್ರ ಪುಡಿಯನ್ನು ಅಂಗೈಗೆ ಹಾಕಿಸಿಕೊಂಡು ಮೂಸಿ, ಮುಖ ಕಿವುಚಿದಳು.

"ಇದೇನ್ಲಾ, ಇದಕ್ಕೆ ವಾಸ್ನೇನೇ ಇಲ್ಲ."

"ಅದೇ ಅಜ್ಜಿ ಅದರ ಗುಣ. ಎಲ್ಲಾ ವಾಸ್ನೇನೂ ತಗಂಡ್ಬುಡ್ತದೆ."

"ತಗಂಡು ಎಲ್ಲಿಗೆ ಮಡಗ್ತದೆ?"

"ಎಲ್ಲಿಗೆ? ಗಾಳೀಗೆ ಓಯ್ತದೆ."

"ಗಾಳೀಗ್ ಓದದ್ದು ಎಲ್ಲಾರ ಒಂದ್ ಕಡೆ ಕೂತ್ಕಬೇಕಲ್ಲ" ಎಂದು ಮುದುಕಿ ಅಂಗೈ ಕೊಡವಿಕೊಂಡಳು. ಅಂದು ನೆತ್ತಿ ಮೂಸಿದವಳಿಗೆ "ಊಂ" ಎನ್ನಲು ತುಸು ಹೊತ್ತು ಹಿಡಿಯಿತು. "ಇವತ್ತು ನೀನು ಅರ್ಧ ಬಂದಿದ್ದೀಯ ಕಣ್ಲಾ" ಎಂದಳು. ನಂಜಪ್ಪ ಅದನ್ನೂ ಅವಳ ದನಿಯಲ್ಲೇ ಸಣ್ಣಕ್ಕನ ಮುಂದೆ ಆಡಿ ತೋರಿಸಿ ನಗಿಸಿದ.

ಮೊದಲು ತಿರುಗಿದ್ದು ನಾಯಿ. ಕೆಂದ ಅವನ ಸೈಕಲ್ ಸದ್ದಿಗೇ ಬೀದಿಯುದ್ದ ಓಡಿ ಬರುವ ಪ್ರಾಣಿ. ಆ ಸಂಜೆಯೂ ಓಡಿ ಬಂತು. ಹತ್ತಿರ ಬಂದು ಪಾದ ಮೂಸಿ, ಗಕ್ಕನೆ ನಿಂತು, ಬೆನ್ನ ಕೂದಲು ನಿಗುರಿಸಿ, ಹಿಂದೆ ಹಿಂದೆ ಸರಿಯುತ್ತಾ ಬೊಗಳತೊಡಗಿತು. ಮರುದಿನ ಎಮ್ಮೆ. ಅವನ ಕೈ ಕೆಚ್ಚಲಿಗೆ ತಾಗುತ್ತಲೇ ಹಾಲು ಏರಿಸಿಕೊಂಡು ಚೊಂಬನ್ನು ಒದ್ದು ಉರುಳಿಸಿತು. ಸಣ್ಣಕ್ಕ ಕೂತರೆ ಸೊರಸೊರ ಹಾಲು. "ಪ್ಯಾಟೆ ಗಾಳಿ ನಿಂಗೆ, ಅದ್ಕೇಯ" ಎಂದು ಅವಳು ಚೇಷ್ಟೆ ಮಾಡಿದಳು. ನಂಜಪ್ಪನೂ ನಕ್ಕ. ಆದರೆ ಎಮ್ಮೆ ಕತ್ತು ತಿರುಗಿಸಿ ಅವನ ಬೆನ್ನ ಹಿಂದಿನ ಖಾಲಿ ಜಾಗವನ್ನೇ ನೋಡುತ್ತಿತ್ತಲ್ಲ, ಅದು ಅವನ ಮನಸ್ಸಿನಲ್ಲಿ ಉಳಿಯಿತು.

ಶುಕ್ರವಾರ ಅವನು ಕಚೇರಿಯಿಂದ ಬಂದು ಅಜ್ಜಿಯ ಮುಂದೆ ತಲೆ ಬಗ್ಗಿಸಿದ. ಅವಳು ಮೂಸಿದಳು. ಇನ್ನೊಂದು ಸಲ ಮೂಸಿದಳು. ಅವನ ಕೆನ್ನೆ, ಕುತ್ತಿಗೆ, ಅಂಗೈ ಎಲ್ಲ ಹುಡುಕಿದಳು. ಆಮೇಲೆ ಕೈ ಹಿಂದಕ್ಕೆಳೆದುಕೊಂಡು, ಸೆರಗು ತಲೆಯ ಮೇಲೆ ಹೊದ್ದುಕೊಂಡು, ಮನೆಗೆ ಬಂದ ನೆಂಟರೊಡನೆ ಮಾತಾಡುವಂತೆ ಕೇಳಿದಳು:

"ಯಾರಪ್ಪ ನೀವು? ಕೂತ್ಕಳಿ. ನಮ್ಮುಡ್ಗ ಇನ್ನೇನು ಬತ್ತಾನೆ."

"ಅಜ್ಜಿ, ನಾನೇ ಕಣಜ್ಜಿ. ನಂಜ."

"ಚೆಂದಾಕೆ ಮಾತಾಡ್ತೀರಿ. ಥೇಟು ಅವನ ಗಂಟ್ಲೇಯ." ಅವಳ ಮುಖದಲ್ಲಿ ಹಾಸ್ಯವಿರಲಿಲ್ಲ, ಮರ್ಯಾದೆಯಿತ್ತು. "ಅವ್ನೂ ಇಂಗೇಯ, ಎಲ್ಲಾರ್ ದನೀನೂ ತಗೀತಾನೆ."

ಹದಿನಾಲ್ಕನೆಯ ವರ್ಷದ ಮಜ್ಜಿಗೆಯ ಸೇಡು ಈಗ ತೀರಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡ ನಂಜಪ್ಪ. ಆದರೆ ಅವನು ಕೊಟ್ಟ ನೀರನ್ನು ಅವಳು ಮುಟ್ಟಲಿಲ್ಲ. ಸಣ್ಣಕ್ಕನನ್ನು ಕರೆದು, ಅವಳ ಸೆರಗು ಮೂಸಿ, ಅವಳ ಕೈಯಿಂದ ಕುಡಿದಳು. ರಾತ್ರಿ ಮಲಗುವಾಗ "ಆ ಉಡ್ಗ ಯಾಕೆ ನಮ್ಮನೇಲೇ ಉಳ್ಕಂಡವ್ನೆ?" ಎಂದು ಸಣ್ಣಕ್ಕನ ಕಿವಿಯಲ್ಲಿ ಪಿಸುಗುಟ್ಟಿದಳು.

ಅಂದೇ ಡಬ್ಬಿಗೆ ಮುಚ್ಚಳ ಬಿತ್ತು. ನಂಜಪ್ಪ ಸೋಡಾಪುಡಿಯನ್ನು ಕೈಯಿಂದ ಮುಟ್ಟಲಿಲ್ಲ. ಸ್ನಾನವನ್ನೂ ಬಿಟ್ಟ. ಹೋದದ್ದು ಬರಲಿಲ್ಲ. ಭಾನುವಾರ ಹೊತ್ತು ಮುಳುಗುವತನಕ ಹೊಲ ಅಗೆದ, ಬೆವರು ಧಾರೆಯಾಗಿ ಇಳಿಯಿತು, ಮೂಸಿದರೆ ಬಾವಿ ನೀರು. ಹೊಗೆಸೊಪ್ಪನ್ನು ಹಸ್ತಕ್ಕೆ ತಿಕ್ಕಿಕೊಂಡ. ಕೊಟ್ಟಿಗೆಯಲ್ಲಿ ಎಮ್ಮೆಯ ಮಗ್ಗುಲಲ್ಲೇ ಒಂದು ಗಳಿಗೆ ಬಿದ್ದುಕೊಂಡ. ಎದ್ದು ಬಂದು ಅಜ್ಜಿಯ ಮುಂದೆ ತಲೆ ಬಗ್ಗಿಸಿದ.

"ಒಗೆಸೊಪ್ಪೈತೆ" ಎಂದಳು ಅವಳು, ನಿಧಾನವಾಗಿ. "ಎಮ್ಮೆ ಐತೆ. ನಡುವೆ ಇರಬೇಕಾದವನೇ ಇಲ್ಲ."

ನಂಜಪ್ಪನಿಗೆ ಅಳು ಬಂತು. ಅವಳು ಅಳು ಕೇಳಿಸಿಕೊಂಡು, ಕೈಚಾಚಿ ಪರರ ಮಗುವಿಗೆ ಮಾಡುವಂತೆ ಬೆನ್ನು ಸವರಿದಳು. "ಅಳಬ್ಯಾಡಿ ಕಣಪ್ಪ. ಅವ್ನು ಎಲ್ಲೂ ಓಗಿಲ್ಲ. ನೀವು ಕಚೇರಿಗ್ ಓದ ಮ್ಯಾಕೆ ದಿನಾ ಮದ್ಯಾನ ಬತ್ತಾನೆ."

"ಯಾರು ಬತ್ತಾರಜ್ಜಿ?"

"ನಮ್ ನಂಜ. ಬಂದು ಇಲ್ಲೇ ಕಾಲ್ದೆಸೆ ಕೂತ್ಕತಾನೆ. ತಲೆ ಬಗ್ಗಿಸ್ತಾನೆ. ಮಾತಿಲ್ಲ ಕತೆಯಿಲ್ಲ. ಮಾತು ಎಲ್ಲಿಂದ ಬರಬೇಕು? ಗಂಟ್ಲು ನಿಮ್ತಾವ ಐತಲ್ಲ."

ನಂಜಪ್ಪ ಅಡುಗೆಮನೆಗೆ ಹೋಗಿ ಸಣ್ಣಕ್ಕನನ್ನು ಕೇಳಿದ. ಅವಳು ಒಲೆಯ ಮೇಲಿಂದ ಕಣ್ಣು ತೆಗೆಯದೆ, "ವಯಸ್ಸಾದವರು ಕಣಪ್ಪ, ಏನೋ ಅಂತಾರೆ" ಎಂದಳು. ಮುದ್ದೆ ತೊಳಸುತ್ತಿದ್ದ ಕೈ ನಿಂತಿತು. "ಆದ್ರೆ ಒಂದ್ ಮಾತು. ಮದ್ಯಾನ ಆಗ್ತಿದ್ದಂಗೇ ಕೆಂದ ಬಾಗ್ಲತಾವ ಓಗಿ ಬಾಲ ಬಡೀತದೆ. ನಾನು ಬಗ್ಗಿ ನೋಡ್ತೀನಿ, ಯಾರೂ ಇರಕಿಲ್ಲ."

ಇದಾಗಿ ಹತ್ತು ದಿನಕ್ಕೆ ಮಲ್ಲಿಗಮ್ಮ ಮಲಗಿದಳು. ಜ್ವರ ದೊಡ್ಡದೇನಲ್ಲ. ಆದರೆ ಮೂರನೆಯ ದಿನ ಗಂಜಿ ಒಳಗಿಳಿಯಲಿಲ್ಲ, ಕಾಲು ತಣ್ಣಗಾಯಿತು. ಶಿವಯ್ಯ ಹಾಸನದ ಬಸ್ಸು ಹತ್ತಿ ಕಚೇರಿಗೆ ಬಂದು ವಿಷಯ ಮುಟ್ಟಿಸಿದ. ನಂಜಪ್ಪ ಮೇಜಿನ ಮೇಲೆ ತೆರೆದ ಕಡತವನ್ನು ಹಾಗೇ ಬಿಟ್ಟು ಸೈಕಲ್ ಹತ್ತಿದ. ದಾರಿಯುದ್ದಕ್ಕೂ ಒಂದೇ ಯೋಚನೆ: ಕಡೇ ನೀರು. ಕೈಮೇಲೆ ಕೈ ಹಾಕಿ ಕೊಟ್ಟ ಮಾತು. ತನ್ನ ಕೈಯಿಂದ ಅವಳು ಕುಡಿಯದೆ ಹೋದರೆ ಅವಳಿಗೆ ನೆಂಟರೂ ಇಲ್ಲದ, ಮೊಮ್ಮಗನೂ ಇಲ್ಲದ ಸಾವು.

ಊರು ಮುಟ್ಟಿದಾಗ ನಡುಮಧ್ಯಾಹ್ನ. ಬಿಸಿಲಿಗೆ ಬೀದಿ ಬಿಮ್ಮೆನ್ನುತ್ತಿತ್ತು. ಕೆಂದ ಅವನಿಗೆ ಹಲ್ಲು ಕಿರಿಯಿತು. ಒಳಗೆ ನಡುಮನೆಯ ಚಾಪೆಯ ಮೇಲೆ ಅಜ್ಜಿ, ತಲೆಗಿಂಬಾಗಿ ಸಣ್ಣಕ್ಕನ ತೊಡೆ. ಉಸಿರು ಎಣಿಸಬಹುದಾದಷ್ಟು ಬಿಡಿಬಿಡಿಯಾಗಿತ್ತು. ನಂಜಪ್ಪ ಹಿತ್ತಾಳೆ ಲೋಟಕ್ಕೆ ನೀರು ಬಗ್ಗಿಸಿ, ತುಳಸಿ ಎಲೆ ಹಾಕಿ, ಮಂಡಿಯೂರಿ ತುಟಿಗಿಟ್ಟ.

ತುಟಿ ತೆರೆಯಲಿಲ್ಲ.

"ಅಜ್ಜಿ, ನಂಜ ಬಂದಿದ್ದೀನಿ ಕಣಜ್ಜಿ. ಒಂದ್ ಗುಟುಕು."

ಮೂಗಿನ ಹೊಳ್ಳೆ ಸಣ್ಣಗೆ ಅದುರಿತು. ಹುಡುಕಿತು. ಸಿಗಲಿಲ್ಲ. ಅವಳು ಮುಖ ಪಕ್ಕಕ್ಕೆ ಹೊರಳಿಸಿದಳು.

"ಕುಡೀರಿ ಅಜ್ಜಿ, ನಿಮ್ ಮೊಮ್ಮಗನೇಯ" ಎಂದು ಸಣ್ಣಕ್ಕ ಗೋಗರೆದಳು.

"ನೀವೂ ಒಳ್ಳೇವ್ರೇ ಕಣಪ್ಪ" ಎಂದಳು ಮುದುಕಿ. ದನಿ ಎಲ್ಲೋ ಕೊಡದೊಳಗಿಂದ ಬಂದಂತಿತ್ತು. "ನಂಗೆ ಅವನೊಬ್ಬನ ಕೈದೇ ಬೇಕು. ಸರ್ಕಳಿ ಕಣಪ್ಪ, ಅವ್ನು ಬರೋ ಒತ್ತಾಯ್ತು."

ಆಗ ನಂಜಪ್ಪನಿಗೆ ಅಂಗಿ ನೆನಪಾಯಿತು. ಸೋಡಾಪುಡಿಗೂ ಜಗ್ಗದ ಪಟ್ಟೆ ಅಂಗಿ! ತನ್ನ ವಾಸನೆ ಲೋಕದಲ್ಲಿ ಎಲ್ಲಾದರೂ ಉಳಿದಿದ್ದರೆ ಅದರ ಕಂಕುಳಲ್ಲಿ ಉಳಿದಿರಬೇಕು. ಅದನ್ನು ತೊಟ್ಟು ಬಂದರೆ ಕುಡಿದಾಳು. ಲೋಟವನ್ನು ನೆಲದ ಮೇಲಿಟ್ಟು, "ಈಗ ಬಂದೆ ಸಣ್ಣಕ್ಕ, ಇಡ್ಕಂಡಿರು" ಎಂದು ಹಿತ್ತಲ ಬಾಗಿಲಿಂದ ಹಾರಿದ. ಗದ್ದೆಯ ಬದು, ಕೆರೆ ಏರಿ, ಆಮೇಲೆ ತನ್ನ ರಾಗಿ ಹೊಲ. ಕಾಲಿಗೆ ಮುಳ್ಳು ಚುಚ್ಚಿದ್ದೂ ತಿಳಿಯಲಿಲ್ಲ.

ಹೊಲದ ನಡುವೆ ಎರಡು ಕೋಲು ಅಡ್ಡಡ್ಡ ನಿಂತಿದ್ದವು. ತಲೆಯ ಮಡಕೆ ಇತ್ತು. ಅಂಗಿ ಇರಲಿಲ್ಲ.

ಗಾಳಿಗೆ ಬಿದ್ದಿರಬೇಕೆಂದು ಸುತ್ತ ಹುಡುಕಿದ. ಗಾಳಿಯೇ ಇರಲಿಲ್ಲ, ತೆನೆಯೊಂದೂ ಅಲುಗುತ್ತಿರಲಿಲ್ಲ. ಕೋಲಿನ ಬುಡದಿಂದ ಊರಿನ ಕಡೆಗೆ ರಾಗಿಯ ಪೈರು ಒಬ್ಬ ಮನುಷ್ಯ ನಡೆದುಹೋದಷ್ಟು ಅಗಲಕ್ಕೆ ಬಾಗಿತ್ತು. ದಿನಾ ನಡೆದು ಸವೆದ ದಾರಿಯಂತೆ ನೆಲ ಗಟ್ಟಿಯಾಗಿತ್ತು. ನಂಜಪ್ಪ ಅದರ ಮೇಲೆ ಕಾಲಿಡಲು ಹೆದರಿ ಬದುವಿನ ಮೇಲೇ ಓಡಿ ಬಂದ.

ಜಗಲಿಯ ಕೆಳಗೆ ಕೆಂದ ಮುಂಗಾಲ ಮೇಲೆ ತಲೆಯಿಟ್ಟು ಶಾಂತವಾಗಿ ಮಲಗಿತ್ತು. ಒಳಗೆ ಸಣ್ಣಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಜ್ಜಿಯ ಬಾಯಿ ಸ್ವಲ್ಪ ತೆರೆದಿತ್ತು, ಗಲ್ಲದ ಮೇಲೆ ಒಂದು ನೀರಿನ ಗೆರೆ. ಉಸಿರಿರಲಿಲ್ಲ.

"ಪುಣ್ಯ ಮಾಡಿದ್ದೆ ಕಣಪ್ಪ" ಎಂದಳು ಸಣ್ಣಕ್ಕ ಬಿಕ್ಕುತ್ತಾ. "ನೀನು ಬಂದು ತಲೆ ಬಗ್ಗಿಸ್ತಿದ್ದಂಗೇ ಎಂಗೆ ನಕ್ಕರು ನೋಡ್ದಾ? ಮೂಸಿ, ಊಂ ಅಂದರು. ಮೂರ್ ಗುಟುಕೂ ಕುಡುದ್ರು. ನೀನು ಎದ್ದು ಒಳೀಕ್ ಓದೆ, ಅವ್ರು ಇತ್ಲಾಗಿಂದ ಒಂಟೇಬುಟ್ರು." ಆಮೇಲೆ ಅವನ ಬಿಳಿ ಅಂಗಿಯನ್ನು ನೋಡಿ ಹುಬ್ಬು ಗಂಟಿಕ್ಕಿದಳು. "ಇಷ್ಟ್ ಬಿರನೆ ಅಂಗಿ ಬದ್ಲಾಯಿಸ್ದಾ? ಪಟ್ಟೆ ಅಂಗೀಲಿದ್ಯಲ್ಲ?"

"ಸಣ್ಣಕ್ಕ, ನನ್ ಮೊಕ ನೋಡ್ದಾ ನೀನು?"

"ಬಗ್ಗಿದ್ದೆಯಲ್ಲಪ್ಪ, ನೆತ್ತಿ ಕಾಣ್ತಿತ್ತು. ಮಾತೂ ಆಡ್ಲಿಲ್ಲ ನೀನು. ಅಳು ಬಂದಿರಬೇಕು ಅಂದ್ಕಂಡೆ."

ನಂಜಪ್ಪ ಒಳಕೋಣೆಯ ಕದ ತಳ್ಳಿದ. ಬೇರೆ ಬಾಗಿಲೇ ಇಲ್ಲದ ಕೋಣೆ. ಅಲ್ಲಿ ಯಾರೂ ಇರಲಿಲ್ಲ. ನೆಲದ ಮೇಲೆ, ಸೋಡಾಪುಡಿಯ ಡಬ್ಬಿಯ ಪಕ್ಕದಲ್ಲಿ, ಪಟ್ಟೆ ಅಂಗಿ ಕುಪ್ಪೆಯಾಗಿ ಬಿದ್ದಿತ್ತು. ಬಲಗೈ ತೋಳಿನ ತುದಿ ನೀರಿನಲ್ಲಿ ನೆನೆದಿತ್ತು, ತುಳಸಿಯ ಒಂದು ಎಲೆ ಅಂಟಿಕೊಂಡಿತ್ತು. ಅವನು ಎತ್ತಿ ಮುಖಕ್ಕೆ ಹಿಡಿದ. ಯಾರ ವಾಸನೆಯೂ ಅವರವರಿಗೆ ತಿಳಿಯುವುದಿಲ್ಲ. ಅವನಿಗೆ ಅಂದು ಮೊದಲ ಸಲ ತಿಳಿಯಿತು: ಗಂಜಲ, ಹೊಗೆಸೊಪ್ಪು, ಅವೆರಡರ ಮಧ್ಯೆ ಬೆಚ್ಚಗೆ ನಿಂತಿದ್ದ ಒಬ್ಬ ಹುಡುಗ.

ಸಾವಿಗೆ ಬಂದವರೆಲ್ಲ ಒಂದೇ ಮಾತು ಹೇಳಿದರು: ಮುದುಕಿ ಪುಣ್ಯವಂತೆ, ಮೊಮ್ಮಗನ ಕೈ ನೀರು ಕುಡಿದು ಹೋದಳು. ಎಲ್ಲರ ದನಿಯನ್ನೂ ತೆಗೆಯುತ್ತಿದ್ದ ನಂಜಪ್ಪನ ಗಂಟಲಿನಲ್ಲಿ ಅಂದಿನಿಂದ ಬೇರೆ ಯಾರ ದನಿಯೂ ಏಳಲಿಲ್ಲ. ಗುಂಡಯ್ಯನವರು ಎಷ್ಟೋ ಸಲ "ಎಲ್ಲಿ, ನನ್ನ ಥರ ಒಂದು ಮಾತಾಡು ನೋಡೋಣ" ಎಂದರೂ ಅವನು ತಲೆಯಾಡಿಸಿ ಕಡತಕ್ಕೆ ಬಗ್ಗುತ್ತಿದ್ದ.

ಪಟ್ಟೆ ಅಂಗಿಯನ್ನು ಅವನು ಒಗೆಯಲಿಲ್ಲ, ತೊಡಲೂ ಇಲ್ಲ. ನಡುಮನೆಯ ಗೂಟಕ್ಕೆ ನೇತುಹಾಕಿದ. ಸಂಜೆ ಹಾಸನದಿಂದ ಬಂದು ಮುಟ್ಟಿ ನೋಡಿದರೆ ಒಂದೊಂದು ದಿನ ಅದರ ಕಂಕುಳು ಈಗ ತಾನೇ ಬಿಚ್ಚಿದಂತೆ ಒದ್ದೆಯಾಗಿರುತ್ತದೆ. ಸಣ್ಣಕ್ಕ ಮುದ್ದೆ ಬಡಿಸಿ ಕರೆಯುತ್ತಾಳೆ. ನಂಜಪ್ಪ ಕೂರುವುದಿಲ್ಲ. ಮೊದಲು ಗೂಟದ ಕೆಳಗೆ ಹೋಗಿ, ಕಣ್ಣು ಮುಚ್ಚಿ, ತಲೆ ಬಗ್ಗಿಸಿ ನಿಲ್ಲುತ್ತಾನೆ. ನೆತ್ತಿಯ ಮೇಲೆ ಬೆಚ್ಚಗಿನ ಉಸಿರು ತಾಗಿದ ದಿನ ಬಂದು ಉಣ್ಣುತ್ತಾನೆ.